ವಿಲುಕಪ್ ಫಾರ್ಮುಲಾ ಕೈಕೊಟ್ಟಿದೆಯೇ? #ಎನ್/ಎ ಬಂದರೆ ಏನು ಮಾಡಬೇಕು, ಎರರ್ ಬಾರದೆ ತಪ್ಪು ಉತ್ತರ ಬಂದರೆ ಹಿಡಿಯುವುದು ಹೇಗೆ?

ಠಾಣೆ: ಸೆಪ್ಟೆಂಬರ್ ಬಂತೆಂದರೆ ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಹೌಸಿಂಗ್ ಸೊಸೈಟಿಗಳಲ್ಲಿ ವಾರ್ಷಿಕ ಮಹಾಸಭೆಯ ಗಡಿಬಿಡಿ. ತಿಂಗಳ ಕೊನೆಯೊಳಗೆ ಸಭೆ ನಡೆಯಬೇಕು, ಅದಕ್ಕೂ ಮುನ್ನ ಮೇಂಟೆನೆನ್ಸ್ ಬಾಕಿ ಉಳಿಸಿಕೊಂಡವರ ಪಟ್ಟಿ ಸಿದ್ಧವಾಗಬೇಕು. ಖಜಾಂಚಿಯಾದವರು ದಿನವಿಡೀ ಆಫೀಸಿನಲ್ಲಿ ದುಡಿದು, ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಮನೆ ಸೇರಿ, ರಾತ್ರಿ ಹತ್ತರ ನಂತರ ಎಕ್ಸೆಲ್ ಶೀಟ್ ತೆರೆಯುತ್ತಾರೆ. ಬ್ಯಾಂಕ್ ಸ್ಟೇಟ್‌ಮೆಂಟ್ ಒಂದು ಶೀಟ್‌ನಲ್ಲಿ, ಸದಸ್ಯರ ಪಟ್ಟಿ ಇನ್ನೊಂದರಲ್ಲಿ. ಎರಡನ್ನೂ ಜೋಡಿಸಲು ವಿಲುಕಪ್. ಎಂಟರ್ ಒತ್ತಿದರೆ ಅರ್ಧ ಕಾಲಂ ತುಂಬಾ #ಎನ್/ಎ!

ಇದು ಬರೀ ಕಂಪ್ಯೂಟರ್ ತಲೆನೋವಲ್ಲ. ಮಹಾರಾಷ್ಟ್ರ ಸಹಕಾರ ಸಂಘಗಳ ಕಾಯ್ದೆ 1960ರ ಪ್ರಕಾರ ಬಾಕಿದಾರರಾದ ಸದಸ್ಯರು ಆಡಳಿತ ಸಮಿತಿಯ ಚುನಾವಣೆಗೆ ನಿಲ್ಲುವಂತಿಲ್ಲ. 2014ರ ಮಾದರಿ ಉಪನಿಯಮಗಳು ಬಾಕಿ ಹಣದ ಮೇಲೆ ವರ್ಷಕ್ಕೆ ಗರಿಷ್ಠ ಶೇ 21ರವರೆಗೆ ಸರಳ ಬಡ್ಡಿ ಹಾಕಲು ಅವಕಾಶ ಕೊಟ್ಟಿವೆ. ಕಟ್ಟಿದವರ ಹೆಸರು ಬಾಕಿ ಪಟ್ಟಿಯಲ್ಲಿ ಸೇರಿ ನೋಟಿಸ್ ಬೋರ್ಡ್‌ಗೆ ಬಿದ್ದರೆ ಆಮೇಲೆ 'ಎಕ್ಸೆಲ್ ತಪ್ಪು ಮಾಡಿತು' ಎಂದು ಹೇಳಿ ಪ್ರಯೋಜನವಿಲ್ಲ. ಮೆಟ್ಟಿಲಲ್ಲಿ ಎದುರಾದಾಗ ಮುಖ ತಿರುಗಿಸುವವರು ಎಕ್ಸೆಲ್ ಕಡೆ ತಿರುಗಿಸುವುದಿಲ್ಲ, ನಿಮ್ಮ ಕಡೆಯೇ ತಿರುಗಿಸುತ್ತಾರೆ.

ಸೊಸೈಟಿ ಲೆಕ್ಕವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಈ ಫಾರ್ಮುಲಾ ಎಲ್ಲೆಲ್ಲಿ ಎಡವುತ್ತದೆ ನೋಡೋಣ. ಕನ್ನಡ ಸಂಘದ ಸದಸ್ಯತ್ವ ಪಟ್ಟಿಗೂ, ಹೋಟೆಲ್ ಸರಕಿನ ಲೆಕ್ಕಕ್ಕೂ, ಕಂಪನಿಯ ಸಂಬಳದ ಶೀಟ್‌ಗೂ ಇದೇ ಮಾತು ಅನ್ವಯ. ಒಂದು ಸೂಚನೆ: ಫಾರ್ಮುಲಾಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಕೊಟ್ಟಿದ್ದೇವೆ. ಶೀಟ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ವಿಲುಕಪ್ ಏನು ಮಾಡುತ್ತದೆ?

'ಸದಸ್ಯರು' ಎಂಬ ಶೀಟ್‌ನಲ್ಲಿ 120 ಮನೆಗಳ ಪಟ್ಟಿ ಇದೆ ಎಂದುಕೊಳ್ಳಿ. ಎ ಕಾಲಂನಲ್ಲಿ ಫ್ಲಾಟ್ ನಂಬರ್, ಬಿ ಕಾಲಂನಲ್ಲಿ ಹೆಸರು, ಸಿಯಲ್ಲಿ ಮೊಬೈಲ್, ಡಿಯಲ್ಲಿ ಬಾಕಿ ಮೊತ್ತ. ಇನ್ನೊಂದು ಶೀಟ್‌ನ ಎ2 ಸೆಲ್‌ನಲ್ಲಿರುವ ಫ್ಲಾಟ್ ನಂಬರ್‌ಗೆ ಬಾಕಿ ಎಷ್ಟು ಎಂದು ತಿಳಿಯಲು ಹೀಗೆ ಬರೆಯಬೇಕು:

=ವಿಲುಕಪ್(ಎ2, ಸದಸ್ಯರು!$ಎ$2:$ಡಿ$121, 4, 0)

ಅಂದರೆ, ಎ2ರಲ್ಲಿರುವುದನ್ನು ಆ ಪಟ್ಟಿಯ ಮೊದಲ ಕಾಲಂನಲ್ಲಿ ಹುಡುಕು, ಸಿಕ್ಕ ಸಾಲಿನ ನಾಲ್ಕನೇ ಕಾಲಂನಲ್ಲಿರುವುದನ್ನು ತಂದುಕೊಡು, ಪಕ್ಕಾ ಅದೇ ಇದ್ದರೆ ಮಾತ್ರ ಕೊಡು. 'ಪಕ್ಕಾ ಅದೇ' ಎಂದು ಹೇಳುವುದು ಕೊನೆಯ ಸೊನ್ನೆ. ಅದರ ಜಾಗದಲ್ಲಿ ಫಾಲ್ಸ್ ಎಂದು ಬರೆದರೂ ಒಂದೇ.

ಎರರ್ ಬಂದರೆ ಬಚಾವ್, ಬಾರದಿದ್ದರೆ ಅಪಾಯ

ಎಲ್ಲರೂ ಹೆದರುವುದು #ಎನ್/ಎಗೆ. ಆದರೆ ಅದು 'ನನಗೆ ಸಿಗಲಿಲ್ಲ' ಎಂದು ನೇರವಾಗಿ ಹೇಳುವ ಸಂದೇಶ. ನಿಜವಾಗಿ ಹೆದರಬೇಕಾದದ್ದು ಯಾವ ಎರರ್ ಕೂಡ ತೋರಿಸದೆ ಬೇರೆಯವರ ಬಾಕಿಯನ್ನು ನಿಮ್ಮ ಹೆಸರಿನ ಮುಂದೆ ಕೂರಿಸುವ ಫಾರ್ಮುಲಾಗೆ. ಹಾಗಾಗುವುದಕ್ಕೆ ಮುಖ್ಯ ಕಾರಣ ಆ ಕೊನೆಯ ಸೊನ್ನೆಯನ್ನು ಬಿಟ್ಟುಬಿಡುವುದು.

ನಾಲ್ಕನೇ ಭಾಗವನ್ನು ಬರೆಯದಿದ್ದರೆ ಎಕ್ಸೆಲ್ ಅದನ್ನು 'ಹತ್ತಿರದ್ದು ಸಿಕ್ಕರೂ ಸಾಕು' ಎಂದು ಅರ್ಥ ಮಾಡಿಕೊಳ್ಳುತ್ತದೆ. ಗೂಗಲ್ ಶೀಟ್ಸ್‌ನಲ್ಲೂ ಇದೇ ಕಥೆ. ಪಟ್ಟಿಯಲ್ಲಿ 101, 102, 103, 104, 201, 202, 203, 204 ಎಂದು ಮನೆ ನಂಬರ್‌ಗಳಿವೆ. ಯಾರೋ ಹಣ ಕಳಿಸುವಾಗ 204ರ ಬದಲು 304 ಎಂದು ಬರೆದಿದ್ದಾರೆ. ಅಂಥ ಮನೆಯೇ ಇಲ್ಲ. ಸೊನ್ನೆ ಇದ್ದರೆ #ಎನ್/ಎ ಬರುತ್ತದೆ, ನೀವು ವಿಚಾರಿಸುತ್ತೀರಿ. ಸೊನ್ನೆ ಇಲ್ಲದಿದ್ದರೆ 304ಕ್ಕಿಂತ ಕಡಿಮೆ ಇರುವವುಗಳಲ್ಲಿ ದೊಡ್ಡದು, ಅಂದರೆ 204, ಅದರ ಮಾಹಿತಿ ಬರುತ್ತದೆ. ಇಲ್ಲಿ ಅದೃಷ್ಟಕ್ಕೆ ಸರಿಯಾಯಿತು. ಆದರೆ 201ರವರು ತಪ್ಪಿ 105 ಎಂದು ಬರೆದಿದ್ದರೆ? ಸದ್ದಿಲ್ಲದೆ 104ರವರ ಹೆಸರು ಬಂದು ಕೂರುತ್ತದೆ. 104ರವರ ಖಾತೆಗೆ ಎರಡು ಸಲ ಜಮಾ, 201ರವರಿಗೆ ಬಡ್ಡಿ!

ಇನ್ನೂ ಒಂದು ತೊಡಕಿದೆ. 'ಹತ್ತಿರದ್ದು' ಹುಡುಕುವಾಗ ಪಟ್ಟಿ ಏರಿಕೆ ಕ್ರಮದಲ್ಲಿದೆ ಎಂದು ಎಕ್ಸೆಲ್ ನಂಬಿಕೊಂಡಿರುತ್ತದೆ. ನಮ್ಮ ಕಣ್ಣಿಗೆ ಎ-1, ಎ-2, ಎ-3... ಎ-10 ಕ್ರಮವಾಗಿಯೇ ಇದೆ. ಆದರೆ ಅಕ್ಷರ ಸೇರಿದ ನಂಬರ್‌ಗಳನ್ನು ಎಕ್ಸೆಲ್ ನಿಘಂಟಿನ ಹಾಗೆ ಜೋಡಿಸುತ್ತದೆ. ಅದರ ಲೆಕ್ಕದಲ್ಲಿ ಎ-1 ಆದ ಮೇಲೆ ಎ-10, ಎ-11, ನಂತರ ಎ-2. ಕ್ರಮ ತಪ್ಪಿದ ಪಟ್ಟಿಯಲ್ಲಿ ಹತ್ತಿರದ್ದನ್ನು ಹುಡುಕಿದರೆ ಇರುವ ಮನೆಯೂ ಸಿಗದೆ ಹೋಗಬಹುದು, ಎಲ್ಲೋ ಇರುವ ಬೇರೆ ಮನೆಯೂ ಸಿಗಬಹುದು.

ಹಾಗಾದರೆ ಆ ವಿಧಾನ ಇರುವುದಾದರೂ ಏಕೆ? ಸ್ಲ್ಯಾಬ್ ಲೆಕ್ಕಕ್ಕೆ. 0, 30, 60, 90 ದಿನ ತಡವಾದರೆ ಬೇರೆ ಬೇರೆ ದರ ಎಂದಿದ್ದಾಗ 47 ದಿನಕ್ಕೆ 30ರ ಸಾಲು ಸಿಗಬೇಕು. ಆದಾಯ ತೆರಿಗೆಯ ಹಂತಗಳಿಗೂ ಅದು ಸರಿ. ಹೆಸರು, ಫ್ಲಾಟ್ ನಂಬರ್, ಖಾತೆ ಸಂಖ್ಯೆ ಹುಡುಕಲು ಬೇಡ.

ಎರರ್ ಇಲ್ಲದೆ ತಪ್ಪುವ ಇನ್ನೊಂದು ಜಾಗ ಆ '4' ಎಂಬ ಅಂಕಿ. ಯಾರೋ ಒಬ್ಬರು ಸಮಿತಿ ಸದಸ್ಯರು ಸದಸ್ಯರ ಶೀಟ್‌ನಲ್ಲಿ ಹೆಸರಿನ ಪಕ್ಕ 'ಪಾರ್ಕಿಂಗ್ ನಂಬರ್' ಎಂಬ ಹೊಸ ಕಾಲಂ ಸೇರಿಸುತ್ತಾರೆ. ಬಾಕಿ ಮೊತ್ತ ಐದನೇ ಕಾಲಂಗೆ ಹೋಯಿತು. ಫಾರ್ಮುಲಾದಲ್ಲಿ ಮಾತ್ರ ನಾಲ್ಕೇ ಉಳಿದಿದೆ. ಅದೀಗ ಮೊಬೈಲ್ ನಂಬರ್ ತರುತ್ತದೆ. ಬಾಕಿ ಒಂಬೈನೂರ ಎಂಬತ್ತು ಕೋಟಿ ಎಂದು ಕಂಡರೆ ಯಾರಾದರೂ ಎಚ್ಚೆತ್ತುಕೊಳ್ಳುತ್ತಾರೆ. ಆದರೆ ಆ ಜಾಗಕ್ಕೆ ಕಳೆದ ವರ್ಷದ ಬಾಕಿಯ ಕಾಲಂ ಬಂದಿದ್ದರೆ ಎರಡೂ ನಾಲ್ಕಂಕಿಯ ಮೊತ್ತ, ಯಾರ ಕಣ್ಣಿಗೂ ಬೀಳುವುದಿಲ್ಲ.

ಮೂರನೆಯದು ಒಂದೇ ಹೆಸರು ಎರಡು ಕಡೆ ಇರುವುದು. ವಿಲುಕಪ್ ಮೇಲಿನಿಂದ ಕೆಳಗೆ ನೋಡಿ ಮೊದಲು ಸಿಕ್ಕಿದ್ದನ್ನು ಕೊಟ್ಟು ಕೈತೊಳೆದುಕೊಳ್ಳುತ್ತದೆ. ಕರಾವಳಿಯಿಂದ ಬಂದು ನೆಲೆಸಿದವರು ಹೆಚ್ಚಿರುವ ಕಟ್ಟಡದಲ್ಲಿ 'ಎಸ್. ಶೆಟ್ಟಿ' ಎಂದು ಹುಡುಕಿದರೆ ಯಾವ ಶೆಟ್ಟಿಯವರು ಸಿಗುತ್ತಾರೋ ಹೇಳಲಾಗದು. ಹೆಸರಿನಿಂದ ಹುಡುಕಬೇಡಿ, ಫ್ಲಾಟ್ ನಂಬರ್ ಅಥವಾ ಸದಸ್ಯತ್ವ ಸಂಖ್ಯೆಯಿಂದ ಹುಡುಕಿ. ಪಟ್ಟಿಯಲ್ಲಿ ಯಾವುದಾದರೂ ನಂಬರ್ ಎರಡು ಸಲ ಇದೆಯೇ ಎಂದು ನೋಡಲು ಪಕ್ಕದ ಕಾಲಂನಲ್ಲಿ =ಕೌಂಟಿಫ್(ಎ$2:ಎ$121, ಎ2) ಬರೆದು ಕೆಳಗೆ ಎಳೆಯಿರಿ, 1ಕ್ಕಿಂತ ಹೆಚ್ಚು ಬಂದ ಸಾಲುಗಳನ್ನು ಪರಿಶೀಲಿಸಿ.

ಹೋಟೆಲ್‌ನವರಿಗೆ ಇದೇ ತೊಂದರೆ ಬೇರೆ ರೂಪದಲ್ಲಿ ಎದುರಾಗುತ್ತದೆ. ವಾಶಿಯ ಎಪಿಎಂಸಿ ಮಾರುಕಟ್ಟೆಯಿಂದ ಈರುಳ್ಳಿ, ಟೊಮೆಟೊ ತರಿಸಿ ದಿನದಿನದ ದರವನ್ನು ಒಂದರ ಕೆಳಗೊಂದು ಬರೆದಿಟ್ಟರೆ, 'ಈರುಳ್ಳಿ' ಎಂದು ಕೇಳಿದಾಗ ವಿಲುಕಪ್ ಕೊಡುವುದು ಎಲ್ಲಕ್ಕಿಂತ ಮೇಲಿರುವ, ಅಂದರೆ ಎಲ್ಲಕ್ಕಿಂತ ಹಳೆಯ ದರ. ತಿಂಗಳ ಕೊನೆಯಲ್ಲಿ ಲಾಭ ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತದೆ.

#ಎನ್/ಎ: ಕಣ್ಣಿಗೆ ಕಾಣುತ್ತಿದೆ, ಎಕ್ಸೆಲ್‌ಗೆ ಏಕೆ ಸಿಗುತ್ತಿಲ್ಲ?

ಪಟ್ಟಿಯಲ್ಲಿ ಆ ನಂಬರ್ ನಿಜವಾಗಿಯೂ ಇಲ್ಲದಿದ್ದರೆ ಮಾತು ಮುಗಿಯಿತು. ಇದ್ದೂ ಸಿಗದಿದ್ದರೆ ಮೊದಲು ನೋಡಬೇಕಾದದ್ದು ಒಂದು ಕಡೆ ಸಂಖ್ಯೆ, ಇನ್ನೊಂದು ಕಡೆ ಅಕ್ಷರ ಆಗಿದೆಯೇ ಎಂದು. ಬ್ಯಾಂಕ್ ವೆಬ್‌ಸೈಟ್ ಅಥವಾ ಸೊಸೈಟಿ ಸಾಫ್ಟ್‌ವೇರ್‌ನಿಂದ ಇಳಿಸಿಕೊಂಡ ಫೈಲ್‌ಗಳಲ್ಲಿ 101 ಎಂಬುದು ಎಷ್ಟೋ ಸಲ ಅಕ್ಷರರೂಪದಲ್ಲಿ ಇರುತ್ತದೆ. ನೀವು ಕೈಯಾರೆ ಟೈಪ್ ಮಾಡಿದ 101 ಸಂಖ್ಯೆ. ಎಕ್ಸೆಲ್‌ಗೆ ಇವೆರಡೂ ಬೇರೆ. ಫಾರ್ಮ್ಯಾಟ್ ಮುಟ್ಟದ ಶೀಟ್‌ನಲ್ಲಿ ಸಂಖ್ಯೆ ಸೆಲ್‌ನ ಬಲಕ್ಕೆ, ಅಕ್ಷರ ಎಡಕ್ಕೆ ಅಂಟಿಕೊಂಡಿರುತ್ತದೆ. ಸೆಲ್‌ನ ಮೂಲೆಯಲ್ಲಿ ಪುಟ್ಟ ಹಸಿರು ತ್ರಿಕೋನ ಕಂಡರೂ ಅನುಮಾನಪಡಿ. ಪಟ್ಟಿಯಲ್ಲಿರುವುದು ಅಕ್ಷರವಾದರೆ ಫಾರ್ಮುಲಾದಲ್ಲಿ ಎ2 ಬದಲು ಎ2&"" ಎಂದು ಬರೆಯಿರಿ. ಪಟ್ಟಿಯಲ್ಲಿರುವುದು ಸಂಖ್ಯೆಯಾಗಿ, ನೀವು ಹುಡುಕುತ್ತಿರುವುದು ಅಕ್ಷರವಾದರೆ ಎ2*1 ಎಂದು ಬರೆಯಿರಿ. ಸೆಲ್ ಫಾರ್ಮ್ಯಾಟನ್ನು 'ನಂಬರ್' ಎಂದು ಬದಲಿಸಿದರೆ ಸಾಕು ಎಂದುಕೊಂಡವರು ಬಹಳ ಮಂದಿ. ಅದು ಸಾಲದು, ಒಳಗಿರುವುದು ಅಕ್ಷರವಾಗಿಯೇ ಉಳಿಯುತ್ತದೆ.

ಎರಡನೆಯದು ಸ್ಪೇಸ್. 'ಬಿ-101' ಎಂದು ಕಾಣುವ ಸೆಲ್‌ನ ಕೊನೆಯಲ್ಲಿ ಒಂದು ಖಾಲಿ ಜಾಗ ಇದ್ದರೆ ಮುಗಿಯಿತು. =ಲೆನ್(ಎ2) ಎಂದು ಬರೆದು ಎಷ್ಟು ಅಕ್ಷರ ಇದೆ ಎಂದು ಎಣಿಸಿ. ಐದು ಬರಬೇಕಾದಲ್ಲಿ ಆರು ಬಂದರೆ ಕಳ್ಳ ಸಿಕ್ಕಂತೆ. ಟ್ರಿಮ್ ಫಾರ್ಮುಲಾ ಹಿಂದೆ-ಮುಂದಿನ ಸ್ಪೇಸ್‌ಗಳನ್ನು ಕತ್ತರಿಸುತ್ತದೆ. ಟ್ರಿಮ್ ಮಾಡಿದರೂ ಲೆನ್ ಆರೇ ತೋರಿಸುತ್ತಿದ್ದರೆ ಅದು ವೆಬ್ ಪುಟದಿಂದ ನಕಲು ಮಾಡಿದಾಗ ಬರುವ ಬೇರೆ ಜಾತಿಯ ಸ್ಪೇಸ್, ಅದರ ಸಂಕೇತ ಸಂಖ್ಯೆ 160. ಅದನ್ನು ಹೊರಹಾಕಲು: =ಟ್ರಿಮ್(ಸಬ್‌ಸ್ಟಿಟ್ಯೂಟ್(ಎ2, ಕ್ಯಾರ್(160), " ")). ನೆಟ್ ಬ್ಯಾಂಕಿಂಗ್ ಪುಟದಿಂದ ನೇರವಾಗಿ ಕಾಪಿ ಮಾಡುವವರಿಗೆ ಈ ಒಂದು ಸಾಲು ಬಹಳ ಉಪಯೋಗಕ್ಕೆ ಬರುತ್ತದೆ.

ದೊಡ್ಡಕ್ಷರ, ಸಣ್ಣಕ್ಷರದ ಚಿಂತೆ ಬೇಡ, ವಿಲುಕಪ್ ಅದನ್ನು ಲೆಕ್ಕಿಸುವುದಿಲ್ಲ. ಆದರೆ ಸೊನ್ನೆಗೂ ಇಂಗ್ಲಿಷ್ ಓ ಅಕ್ಷರಕ್ಕೂ ಇರುವ ವ್ಯತ್ಯಾಸ ಅದಕ್ಕೆ ಗೊತ್ತು. 11 ಅಕ್ಷರಗಳ ಐಎಫ್‌ಎಸ್‌ಸಿ ಕೋಡ್‌ನಲ್ಲಿ ಐದನೆಯದು ಯಾವತ್ತೂ ಸೊನ್ನೆ. ಅಲ್ಲಿ ಓ ಟೈಪ್ ಮಾಡಿದವರು ಫಾರ್ಮುಲಾವನ್ನು ಬೈದು ಪ್ರಯೋಜನವಿಲ್ಲ. ವರ್ಡ್‌ನಿಂದ ತಂದ ಪಟ್ಟಿಯಲ್ಲಿ ಸಣ್ಣ ಗೆರೆಯ ಜಾಗದಲ್ಲಿ ಉದ್ದ ಗೆರೆ ಕುಳಿತಿರುವುದೂ ಉಂಟು. ಊರಿನ ಹೆಸರಿನಿಂದ ಹುಡುಕುವವರಿಗೆ ಇನ್ನೊಂದು ಕಿರಿಕಿರಿ. ಡೊಂಬಿವಲಿಯನ್ನು ಇಂಗ್ಲಿಷ್‌ನಲ್ಲಿ 'ವ' ನಂತರ ಸ್ವರ ಸೇರಿಸಿಯೂ ಬರೆಯುತ್ತಾರೆ, ಸೇರಿಸದೆಯೂ ಬರೆಯುತ್ತಾರೆ. ಇಂಥ ಕಡೆ ಪಿನ್‌ಕೋಡ್ ಹಿಡಿದುಕೊಳ್ಳುವುದು ವಾಸಿ: ಡೊಂಬಿವಲಿ ಪೂರ್ವಕ್ಕೆ 421201, ಪಶ್ಚಿಮಕ್ಕೆ 421202, ಕಲ್ಯಾಣಕ್ಕೆ 421301.

ಫ್ಲಾಟ್ ನಂಬರ್ ದಿನಾಂಕವಾದಾಗ

ನವಿ ಮುಂಬಯಿಯ ಹಳೆಯ ಸೆಕ್ಟರ್‌ಗಳಲ್ಲಿ ಕಟ್ಟಡದ ನಂಬರ್ ಮತ್ತು ಮನೆ ನಂಬರ್ ಸೇರಿಸಿ 3/12, 5/7 ಎಂದು ವಿಳಾಸ ಬರೆಯುವ ರೂಢಿ ಇದೆ. 3-12 ಎಂದು ಎಕ್ಸೆಲ್‌ನಲ್ಲಿ ಟೈಪ್ ಮಾಡಿ ನೋಡಿ. ಅದು ಡಿಸೆಂಬರ್ 3 ಆಗಿಬಿಡುತ್ತದೆ. 2025ರಲ್ಲಿ ಟೈಪ್ ಮಾಡಿದ್ದರೆ ಒಳಗೆ ಅದರ ಬೆಲೆ 45994, ಏಕೆಂದರೆ ಎಕ್ಸೆಲ್ ದಿನಾಂಕಗಳನ್ನು 1900ರ ಜನವರಿ 1ರಿಂದ ಎಣಿಸಿದ ದಿನಗಳಾಗಿ ಇಟ್ಟುಕೊಳ್ಳುತ್ತದೆ. ಗಾಬರಿಯಾಗಿ ಆ ಸೆಲ್ ಅನ್ನು 'ಟೆಕ್ಸ್ಟ್' ಎಂದು ಬದಲಿಸಿದರೆ 3-12 ಮರಳಿ ಬರುವುದಿಲ್ಲ, 45994 ಎಂದೇ ಕಾಣುತ್ತದೆ. ಟೈಪ್ ಮಾಡುವ ಮೊದಲೇ ಇಡೀ ಕಾಲಂ ಅನ್ನು ಟೆಕ್ಸ್ಟ್ ಮಾಡಬೇಕು ಅಥವಾ ನಂಬರ್‌ನ ಮುಂದೆ ಒಂದು ಒಂಟಿ ಉದ್ಧರಣ ಚಿಹ್ನೆ ಹಾಕಬೇಕು.

ಇದು ನಮ್ಮ ಖಜಾಂಚಿಗಳ ಗೋಳು ಮಾತ್ರ ಅಲ್ಲ. ಜಗತ್ತಿನ ತಳಿವಿಜ್ಞಾನಿಗಳೂ ಎಕ್ಸೆಲ್‌ನ ಈ ಚಾಳಿಯಿಂದ ಬೇಸತ್ತಿದ್ದರು. ಮಾರ್ಚ್1, ಸೆಪ್ಟ್1 ಎಂಬ ಹೆಸರಿನ ಜೀನ್‌ಗಳು ತಿಂಗಳ ಹೆಸರಿನಂತೆ ಕಂಡು ದಿನಾಂಕಗಳಾಗುತ್ತಿದ್ದವು. ಕೊನೆಗೆ 2020ರಲ್ಲಿ ಮಾನವ ಜೀನ್‌ಗಳಿಗೆ ಹೆಸರಿಡುವ ಸಮಿತಿ ಅಂಥ ಜೀನ್‌ಗಳ ಹೆಸರನ್ನೇ ಬದಲಿಸಿತು. ಮೈಕ್ರೋಸಾಫ್ಟ್ ಈ ತಾನಾಗಿಯೇ ಬದಲಾಗುವ ವ್ಯವಸ್ಥೆಯನ್ನು ನಿಲ್ಲಿಸುವ ಆಯ್ಕೆ ಕೊಟ್ಟದ್ದು 2023ರಲ್ಲಿ.

ಉದ್ದದ ನಂಬರ್‌ಗಳಿಗೂ ಟೆಕ್ಸ್ಟ್ ಕಾಲಂ ಬೇಕೇ ಬೇಕು. ಯುಪಿಐ ರೆಫರೆನ್ಸ್ ನಂಬರ್‌ಗೆ 12 ಅಂಕಿ, ಮಹಾವಿತರಣ ವಿದ್ಯುತ್ ಬಿಲ್‌ನ ಗ್ರಾಹಕ ಸಂಖ್ಯೆಗೂ 12 ಅಂಕಿ. ಸಾಮಾನ್ಯ ಸೆಲ್‌ನಲ್ಲಿ ಇವು 1.23ಇ+11 ಎಂಬಂತೆ ವಿಚಿತ್ರವಾಗಿ ಕಾಣುತ್ತವೆ. ಇಲ್ಲಿ ಕಾಣುವ ರೀತಿ ಮಾತ್ರ ಬದಲಾಗಿದೆ, ಅಂಕಿಗಳು ಒಳಗೆ ಭದ್ರವಾಗಿವೆ. ಆದರೆ ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿಗಳನ್ನಷ್ಟೇ ನೆನಪಿಡುತ್ತದೆ. 16 ಅಂಕಿಯ ಖಾತೆ ಸಂಖ್ಯೆ ಟೈಪ್ ಮಾಡಿದರೆ ಕೊನೆಯ ಅಂಕಿ ಸೊನ್ನೆಯಾಗುತ್ತದೆ, ಮತ್ತೆ ಸಿಗುವುದಿಲ್ಲ. ಸೊನ್ನೆಯಿಂದ ಶುರುವಾಗುವ ಖಾತೆ ಸಂಖ್ಯೆಯಾದರೆ ಮೊದಲ ಸೊನ್ನೆಯೇ ಮಾಯ. ಬ್ಯಾಂಕಿನ ಸಿಎಸ್‌ವಿ ಫೈಲ್ ಅನ್ನು ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ. ಎಕ್ಸೆಲ್‌ನ ಡೇಟಾ ಮೆನುವಿನ ಮೂಲಕ ತಂದು, ಆ ಕಾಲಂ ಟೆಕ್ಸ್ಟ್ ಎಂದು ಮೊದಲೇ ಹೇಳಿ.

ಈ ಮಾತಿಗೆ ಒಂದು ಬಾಲವೂ ಇದೆ. ಖಾತೆ ಸಂಖ್ಯೆಗಳನ್ನು ಟೆಕ್ಸ್ಟ್ ಆಗಿಯೇ ಇಟ್ಟರೂ ಮೇಲೆ ಹೇಳಿದ ಕೌಂಟಿಫ್ ಅವನ್ನು ಸಂಖ್ಯೆಗಳೆಂದೇ ಭಾವಿಸುತ್ತದೆ. ಮೊದಲ 15 ಅಂಕಿ ಒಂದೇ ಆಗಿರುವ ಎರಡು ಬೇರೆ ಖಾತೆಗಳನ್ನು ಅದು 'ಎರಡು ಸಲ ಇದೆ' ಎಂದು ತೋರಿಸಬಹುದು.

ಕನ್ನಡದಲ್ಲಿ ಟೈಪ್ ಮಾಡಿದ ಪಟ್ಟಿಗಳ ಸಮಸ್ಯೆ

ಕನ್ನಡ ಸಂಘಗಳ ಹಳೆಯ ಸದಸ್ಯರ ಪಟ್ಟಿಗಳನ್ನು ನುಡಿ ಅಥವಾ ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿರುತ್ತಾರೆ. ತೆರೆಯ ಮೇಲೆ ಕನ್ನಡ ಕಂಡರೂ ಒಳಗಿರುವುದು ಇಂಗ್ಲಿಷ್ ಸಂಕೇತಗಳು. ಈಗ ಮೊಬೈಲ್‌ನಲ್ಲಿ ಟೈಪ್ ಮಾಡುವುದು ಯೂನಿಕೋಡ್. ಎರಡೂ ಕಡೆ 'ಪೂಜಾರಿ' ಎಂದೇ ಓದಿದರೂ ಯಾವ ಫಾರ್ಮುಲಾಕ್ಕೂ ಅವು ಒಂದೇ ಅಲ್ಲ. ಫಾಂಟ್ ಬದಲಿಸಿ ನೋಡಿ, ಅಕ್ಷರಗಳು ಚೆಲ್ಲಾಪಿಲ್ಲಿಯಾದರೆ ಅದು ಹಳೆಯ ಫಾಂಟ್. ಪರಿವರ್ತಕ ಬಳಸಿ ಇಡೀ ಪಟ್ಟಿಯನ್ನು ಯೂನಿಕೋಡ್‌ಗೆ ತರುವುದು ಬಿಟ್ಟರೆ ಬೇರೆ ದಾರಿ ಇಲ್ಲ.

ಯೂನಿಕೋಡ್‌ನಲ್ಲೂ ಒಂದು ಸೂಕ್ಷ್ಮವಿದೆ. 'ರಾಜ್‌ಕುಮಾರ್' ಎಂದು ಬರೆಯುವಾಗ ಒತ್ತಕ್ಷರ ಆಗದಂತೆ ತಡೆಯಲು ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರುತ್ತದೆ. ಕೆಲವು ಕೀಬೋರ್ಡ್‌ಗಳು ಪದದ ಕೊನೆಯ ಅರ್ಧಾಕ್ಷರದ ನಂತರವೂ ಅದನ್ನು ಬಿಟ್ಟುಹೋಗುತ್ತವೆ. ಕಣ್ಣಿಗೆ ಒಂದೇ ರೀತಿ ಕಾಣುವ ಎರಡು ಹೆಸರುಗಳ ಲೆನ್ ಬೇರೆ ಬೇರೆ ಬಂದರೆ ಇದನ್ನು ಅನುಮಾನಿಸಿ. =ಸಬ್‌ಸ್ಟಿಟ್ಯೂಟ್(ಬಿ2, ಯೂನಿಕ್ಯಾರ್(8204), "") ಅದನ್ನು ತೆಗೆಯುತ್ತದೆ. ಹುಡುಕಾಟಕ್ಕಾಗಿ ಬೇರೆ ಕಾಲಂನಲ್ಲಿ ತೆಗೆಯಿರಿ, ಮುದ್ರಿಸುವ ಹೆಸರನ್ನು ಮುಟ್ಟಬೇಡಿ. ಇಲ್ಲದಿದ್ದರೆ ಆಮಂತ್ರಣ ಪತ್ರಿಕೆಯಲ್ಲಿ ರಾಜ್ಕುಮಾರ್ ಆಗುತ್ತಾರೆ.

ಮೊದಲ ಸಾಲು ಸರಿ, ಕೆಳಗೆ ಎಳೆದರೆ ಎರರ್

ಮೇಲಿನ ಫಾರ್ಮುಲಾದಲ್ಲಿರುವ ಡಾಲರ್ ಚಿಹ್ನೆಗಳು ಅಲಂಕಾರಕ್ಕಲ್ಲ. ಅವಿಲ್ಲದಿದ್ದರೆ ಫಾರ್ಮುಲಾವನ್ನು ಕೆಳಗೆ ಎಳೆದಂತೆ ಪಟ್ಟಿಯೂ ಎ3:ಡಿ122, ಎ4:ಡಿ123 ಎಂದು ಜಾರುತ್ತಾ ಹೋಗಿ ಮೇಲಿನ ಮನೆಗಳು ಒಂದೊಂದಾಗಿ ಹೊರಗುಳಿಯುತ್ತವೆ. ಪಟ್ಟಿಯ ಭಾಗವನ್ನು ಆಯ್ದು ಎಫ್4 ಕೀ ಒತ್ತಿದರೆ ಡಾಲರ್ ತಾನಾಗಿ ಬರುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಫ್‌ಎನ್ ಜೊತೆ ಒತ್ತಬೇಕು.

ಡಾಲರ್ ಹಾಕಿದರೂ ಪಟ್ಟಿ 121ನೇ ಸಾಲಿಗೆ ನಿಂತಿದೆ. ಪಕ್ಕದ ವಿಂಗ್ ಸೇರಿ 30 ಮನೆ ಹೆಚ್ಚಾದರೆ ಹೊಸಬರೆಲ್ಲ ಹೊರಗೆ. ಪಟ್ಟಿಯ ಒಳಗೆ ಕ್ಲಿಕ್ ಮಾಡಿ ಕಂಟ್ರೋಲ್ ಮತ್ತು ಟಿ ಒತ್ತಿ ಅದನ್ನು 'ಟೇಬಲ್' ಮಾಡಿ, ಫಾರ್ಮುಲಾದಲ್ಲಿ ಆ ಟೇಬಲ್‌ನ ಹೆಸರನ್ನೇ ಬಳಸಿದರೆ ಹೊಸ ಸಾಲುಗಳು ತಾವಾಗಿ ಸೇರುತ್ತವೆ. ಸಾಲುಗಳ ಮಿತಿಯನ್ನು ಮರೆತವರು ದೊಡ್ಡ ದೊಡ್ಡ ಕಡೆಯೂ ಇದ್ದಾರೆ. 2020ರ ಶರತ್ಕಾಲದಲ್ಲಿ ಇಂಗ್ಲೆಂಡ್‌ನಲ್ಲಿ 15,841 ಕೋವಿಡ್ ಪ್ರಕರಣಗಳು ದಿನದ ಲೆಕ್ಕದಿಂದ ಬಿಟ್ಟುಹೋದದ್ದು, 65,536 ಸಾಲಿಗಿಂತ ಹೆಚ್ಚು ಹಿಡಿಯದ ಹಳೆಯ ಎಕ್ಸೆಲ್ ಫೈಲ್‌ನಿಂದ. ಅಲ್ಲಿಯೂ ಯಾವ ಎರರ್ ಬಂದಿರಲಿಲ್ಲ.

ಉಳಿದ ಎರರ್‌ಗಳು ಬೇಗ ಬಗೆಹರಿಯುತ್ತವೆ. #ರೆಫ್! ಬಂದರೆ ನಾಲ್ಕು ಕಾಲಂ ಇರುವ ಪಟ್ಟಿಯಲ್ಲಿ ಐದನೆಯದನ್ನು ಕೇಳಿದ್ದೀರಿ ಅಥವಾ ಫಾರ್ಮುಲಾ ನೋಡುತ್ತಿದ್ದ ಕಾಲಂ ಅನ್ನು ಯಾರೋ ಅಳಿಸಿದ್ದಾರೆ. ಗೂಗಲ್ ಶೀಟ್ಸ್‌ನಲ್ಲಿ ಬೇರೆ ಫೈಲ್‌ನಿಂದ ಮಾಹಿತಿ ತರುವಾಗ ಅನುಮತಿ ಕೊಡುವವರೆಗೂ ಇದೇ ಎರರ್ ಇರುತ್ತದೆ. #ನೇಮ್? ಎಂದರೆ ಫಾರ್ಮುಲಾ ಹೆಸರಿನ ಸ್ಪೆಲಿಂಗ್ ತಪ್ಪಿದೆ ಅಥವಾ ನಿಮ್ಮ ಎಕ್ಸೆಲ್‌ಗೆ ಆ ಫಾರ್ಮುಲಾ ಗೊತ್ತಿಲ್ಲ. #ವ್ಯಾಲ್ಯೂ! ಬಂದರೆ ಕಾಲಂ ಸಂಖ್ಯೆಯ ಜಾಗದಲ್ಲಿ ಒಂದಕ್ಕಿಂತ ಕಡಿಮೆ ಬಿದ್ದಿದೆಯೇ ನೋಡಿ. ಎ2 ಬದಲು ಇಡೀ ಎ ಕಾಲಂ ಅನ್ನೇ ಕೊಟ್ಟರೆ ಹೊಸ ಎಕ್ಸೆಲ್‌ನಲ್ಲಿ #ಸ್ಪಿಲ್! ಬರುತ್ತದೆ. ಉತ್ತರದ ಬದಲು ಫಾರ್ಮುಲಾವೇ ಅಕ್ಷರಗಳಲ್ಲಿ ಕಾಣುತ್ತಿದ್ದರೆ ಆ ಸೆಲ್ ಟೆಕ್ಸ್ಟ್ ಆಗಿದೆ. ಅದನ್ನು 'ಜನರಲ್' ಮಾಡಿ ಮತ್ತೆ ಎಂಟರ್ ಒತ್ತಿ.

ಇಫ್‌ಎರರ್ ಎಂಬ ಚಾಪೆ

ಕಾಲಂ ತುಂಬಾ #ಎನ್/ಎ ಕಂಡಾಗ ಯಾರಾದರೂ ಒಂದು ಸಲಹೆ ಕೊಟ್ಟೇ ಕೊಡುತ್ತಾರೆ: 'ಇಫ್‌ಎರರ್ ಹಾಕಿ ಸೊನ್ನೆ ಮಾಡಿಬಿಡಿ.' ನೋಡಲು ಚೆಂದ, ಮೊತ್ತವೂ ಕೂಡುತ್ತದೆ. ಆದರೆ ಸಿಗದ ಮನೆಗಳೆಲ್ಲ ಈಗ 'ಬಾಕಿ 0' ಎಂದು ತೋರಿಸುತ್ತವೆ. ಪೂರ್ತಿ ಕಟ್ಟಿದವರಿಗೂ ಪಟ್ಟಿಯಲ್ಲೇ ಸಿಗದವರಿಗೂ ವ್ಯತ್ಯಾಸ ಉಳಿಯಲಿಲ್ಲ. ಕಸವನ್ನು ಚಾಪೆಯಡಿ ತಳ್ಳಿದಂತೆ. ಬೇಕಿದ್ದರೆ ಎಕ್ಸೆಲ್ 2013ರಿಂದ ಇರುವ ಇಫ್‌ಎನ್‌ಎ ಬಳಸಿ, ಸೊನ್ನೆಯ ಬದಲು 'ಪಟ್ಟಿಯಲ್ಲಿಲ್ಲ' ಎಂದು ಬರುವಂತೆ ಮಾಡಿ. ಅದು #ಎನ್/ಎ ಒಂದನ್ನೇ ಹಿಡಿಯುತ್ತದೆ, #ರೆಫ್! ಮೊದಲಾದ ಬೇರೆ ತಪ್ಪುಗಳನ್ನು ಮುಚ್ಚಿಡುವುದಿಲ್ಲ.

ಎಕ್ಸ್‌ಲುಕಪ್‌ಗೆ ಬದಲಾಗಬಹುದೇ?

ಸಾಧ್ಯವಿದ್ದರೆ ಖಂಡಿತ. 2019ರಲ್ಲಿ ಮೈಕ್ರೋಸಾಫ್ಟ್ ಘೋಷಿಸಿದ ಎಕ್ಸ್‌ಲುಕಪ್ ತಾನಾಗಿಯೇ ಪಕ್ಕಾ ಹೊಂದಿಕೆಯನ್ನು ಹುಡುಕುತ್ತದೆ, ಕೊನೆಯ ಸೊನ್ನೆ ಮರೆಯುವ ಭಯವಿಲ್ಲ. ಕಾಲಂ ಸಂಖ್ಯೆ ಎಣಿಸಬೇಕಿಲ್ಲ, ನಡುವೆ ಪಾರ್ಕಿಂಗ್ ನಂಬರ್ ಸೇರಿದರೂ ಹಾಳಾಗದು. ಎಡಗಡೆಯ ಕಾಲಂನಿಂದಲೂ ಉತ್ತರ ತರುತ್ತದೆ. ಸಿಗದಿದ್ದರೆ ಏನು ಹೇಳಬೇಕೆಂದು ಒಳಗೇ ಬರೆಯಬಹುದು:

=ಎಕ್ಸ್‌ಲುಕಪ್(ಎ2, ಸದಸ್ಯರು!$ಎ$2:$ಎ$121, ಸದಸ್ಯರು!$ಡಿ$2:$ಡಿ$121, "ಪಟ್ಟಿಯಲ್ಲಿಲ್ಲ")

ಈರುಳ್ಳಿ ದರದ ಸಮಸ್ಯೆಗೂ ಇದರಲ್ಲಿ ಪರಿಹಾರವಿದೆ. ಆರನೇ ಭಾಗದಲ್ಲಿ -1 ಎಂದು ಕೊಟ್ಟರೆ ಕೆಳಗಿನಿಂದ ಮೇಲಕ್ಕೆ ಹುಡುಕಿ ಇತ್ತೀಚಿನ ದರ ಕೊಡುತ್ತದೆ. ಮೈಕ್ರೋಸಾಫ್ಟ್ 365, ಎಕ್ಸೆಲ್ 2021, ಗೂಗಲ್ ಶೀಟ್ಸ್, ಲಿಬ್ರೆಆಫೀಸ್ 24.8 ಹಾಗೂ ನಂತರದವುಗಳಲ್ಲಿ ಇದು ಕೆಲಸ ಮಾಡುತ್ತದೆ. ಎಕ್ಸೆಲ್ 2016 ಮತ್ತು 2019ರಲ್ಲಿ ಇಲ್ಲ. ನೀವು ಹೊಸ ಲ್ಯಾಪ್‌ಟಾಪ್‌ನಲ್ಲಿ ಮಾಡಿದ ಫೈಲ್ ಸೊಸೈಟಿ ಆಫೀಸಿನ ಹಳೆಯ ಕಂಪ್ಯೂಟರ್‌ನಲ್ಲಿ ತೆರೆದಾಗ ಮೊದಲಿಗೆ ಸರಿಯಾಗಿಯೇ ಕಾಣಬಹುದು, ಮತ್ತೆ ಲೆಕ್ಕ ಹಾಕಿಸಿದ ಕೂಡಲೇ #ನೇಮ್? ಆಗುತ್ತದೆ. ಅಲ್ಲಿ ಇಂಡೆಕ್ಸ್ ಮತ್ತು ಮ್ಯಾಚ್ ಜೋಡಿಯೇ ಗತಿ:

=ಇಂಡೆಕ್ಸ್(ಸದಸ್ಯರು!$ಡಿ$2:$ಡಿ$121, ಮ್ಯಾಚ್(ಎ2, ಸದಸ್ಯರು!$ಎ$2:$ಎ$121, 0))

ಮ್ಯಾಚ್‌ನ ಕೊನೆಯಲ್ಲೂ ಸೊನ್ನೆ ಬಿಡುವಂತಿಲ್ಲ. ಬಿಟ್ಟರೆ ಅದೂ 'ಹತ್ತಿರದ್ದು' ಹುಡುಕಲು ಹೊರಡುತ್ತದೆ.

ಪಟ್ಟಿ ಅಂಟಿಸುವ ಮುನ್ನ

ಬ್ಯಾಂಕಿಗೆ ಬಂದ ಒಟ್ಟು ಜಮಾ ಎಷ್ಟು, ಫಾರ್ಮುಲಾ ಮೂಲಕ ಸದಸ್ಯರಿಗೆ ಹಂಚಿಕೆಯಾದ ಒಟ್ಟು ಎಷ್ಟು ಎಂದು ಎರಡು ಸೆಲ್‌ನಲ್ಲಿ ಕೂಡಿ ನೋಡಿ. ಒಂದು ರೂಪಾಯಿ ವ್ಯತ್ಯಾಸ ಇದ್ದರೂ ಕಾರಣ ಹುಡುಕಿ. ಎರಡೂ ಸರಿಹೋದರೂ 104 ಮತ್ತು 201ರಂಥ ಅದಲುಬದಲು ಒಟ್ಟು ಮೊತ್ತದಲ್ಲಿ ಕಾಣುವುದಿಲ್ಲ. ಹಾಗಾಗಿ ಜಮಾ ಶೀಟ್‌ನಲ್ಲಿ ಒಂದೇ ಫ್ಲಾಟ್ ಒಂದೇ ತಿಂಗಳಲ್ಲಿ ಎರಡು ಸಲ ಬಂದಿದೆಯೇ ನೋಡಿ. ನಾಲ್ಕೈದು ಮನೆಗಳ ಲೆಕ್ಕವನ್ನು ಪಾಸ್‌ಬುಕ್ ಹಿಡಿದು ಕೈಯಾರೆ ತಾಳೆ ಮಾಡಿ. ಅವುಗಳಲ್ಲಿ ಪಟ್ಟಿಯ ಮೊದಲ ಮನೆ, ಕೊನೆಯ ಮನೆ ಮತ್ತು ಎರಡು ಫ್ಲಾಟ್ ಇರುವ ಒಬ್ಬ ಸದಸ್ಯರು ಇರಲಿ. ಬಾಕಿ ಪಟ್ಟಿಯಲ್ಲಿ ಹೆಸರು ಬಂದವರಿಗೆ ಬೋರ್ಡ್‌ಗೆ ಹಾಕುವ ಮುನ್ನ ಒಂದು ಫೋನ್ ಮಾಡಿ, ಯುಪಿಐ ರೆಫರೆನ್ಸ್ ನಂಬರ್ ಕೇಳಿ. ಆ 12 ಅಂಕಿ ಸ್ಟೇಟ್‌ಮೆಂಟ್‌ನಲ್ಲಿ ಸಿಕ್ಕರೆ ಯಾರ ಸಾಲಿನಲ್ಲಿ ಕುಳಿತಿದೆ ಎಂದೂ ಅಲ್ಲೇ ಗೊತ್ತಾಗುತ್ತದೆ.